ಹುಬ್ಬಳ್ಳಿಯಲ್ಲಿ ಅವ್ವ ಆರಿಸಿದ್ದು

ಅಪ್ಪಾ,

ನಿನ್ನನ್ನು ಮಣ್ಣು ಮಾಡಿ ಬಂದಾಗಿನಿಂದ ನನ್ನ ತಲೆಯಲ್ಲಿ ಹುಬ್ಬಳ್ಳಿಯೇ ತಿರುಗುತ್ತಿದೆ. ಕೊನೆಕೊನೆಗೆ ನಿನಗೂ ಹಾಗೇ ಆಗಿತ್ತಲ್ಲವೇ? ಬಾಗಲಕೋಟೆಯಿಂದ ಬೆಳಗಿನ ರೈಲು ಹತ್ತಿ ನೀನು, ಅವ್ವ, ನಾನು, ತಮ್ಮ ಬಸು ಹೋಗಿ ಬರುತ್ತಿದ್ದ ಆ ವರ್ಷ. ನನಗಾಗ ಹನ್ನೊಂದು. ಅವ್ವನ ಎದೆಯಲ್ಲಿ ಗಂಟಾಗಿತ್ತು. ಅಲ್ಲಿಯ ದವಾಖಾನೆಯಲ್ಲಿ ಡಾಕ್ಟರು ನಿನ್ನೊಬ್ಬನನ್ನೇ ಒಳಗೆ ಕರೆದು ಇನ್ನು ಆಗುವಂಥದ್ದೇನಿಲ್ಲ ಎಂದಿದ್ದರು. ನೀನು ಹೊರಗೆ ಬಂದು ಅಶಕ್ತಿ ಅಷ್ಟೇ, ಟಾನಿಕ್ ಕುಡಿದರೆ ಸರಿಹೋಗುತ್ತದೆ ಎಂದೆ. ಆಮೇಲೆ ದವಾಖಾನೆ ಎಂಬ ಮಾತನ್ನೇ ಬಿಟ್ಟುಬಿಟ್ಟೆ. ಹುಬ್ಬಳ್ಳಿಗೆ ಅಡ್ಡಾಡಲು ಹೋಗೋಣ ಎಂದು ನಮ್ಮನ್ನು ಹೊರಡಿಸುತ್ತಿದ್ದೆ.

ದುರ್ಗದಬೈಲಿನ ಅಂಗಡಿಗಳ ಮುಂದೆ ನೀನು ಮಾಡಿದ್ದ ಕಾನೂನು ನೆನಪಿದೆಯೇ? ಗಾಜಿನ ಆಚೆ ಇರುವುದರಲ್ಲಿ ಒಬ್ಬೊಬ್ಬರು ಒಂದೊಂದು ಆರಿಸಬೇಕು, ನನ್ನದು ಎನ್ನಬೇಕು, ಅಲ್ಲೇ ಬಿಟ್ಟು ಮುಂದೆ ನಡೆಯಬೇಕು. ಬಸು ಪ್ರತಿ ಸಲವೂ ಮೂರು ಗಾಲಿಯ ಸೈಕಲ್ಲು. ನಾನು ಕೆಂಪು ಚಪ್ಪಲಿ. ನೀನೋ, ರೇನ್‌ಕೋಟು! ನಮ್ಮೂರಿನ ಮಳೆಗೆ ಅದೊಂದು ಕಡಿಮೆಯಾಗಿತ್ತು ಎಂದು ಅವ್ವ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ಆಕೆ ಮಾತ್ರ ಏನನ್ನೂ ಆರಿಸುತ್ತಿರಲಿಲ್ಲ. ಇಳಕಲ್ಲಿನ ಮಗಳು, ನೇಕಾರರ ಓಣಿಯಲ್ಲಿ ಬೆಳೆದವಳು. ನೈಲಾನ್ ಸೀರೆ ಉಟ್ಟ ಬೊಂಬೆಗಳನ್ನು ಕಂಡು ಮೂಗು ಮುರಿಯುತ್ತಿದ್ದಳು. "ಸೆರಗ ಹೊತ್ಕೊಳ್ಳೂದನ್ನೂ ಕಲಿಸಿಲ್ಲ ನೋಡ್ರಿ ಇವಕ್ಕ." ದಣಿವಾದಾಗ ಯಾವುದೋ ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಡುತ್ತಿದ್ದಳು. ಆಗ ನೀನು ನಮ್ಮನ್ನು ಪಕ್ಕದ ಗಾಜಿನ ಕಡೆ ತಿರುಗಿಸಿ ನಿಲ್ಲಿಸುತ್ತಿದ್ದೆ.

ಕೊನೆಯ ಸಲ ಹೋದಾಗ ಪಾತ್ರೆ ಅಂಗಡಿಯ ಮುಂದೆ ಅವ್ವ ತಾನಾಗಿಯೇ ನಿಂತಳು. ಬೆರಳು ಮಾಡಿ, "ನನ್ನದು ಅದು," ಎಂದಳು. ಕುಕ್ಕರ್. ನಿನ್ನ ಮುಖ ಅರಳಿದ್ದು ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದಂತಿದೆ. ಪಾತ್ರೆ ಬೇಕು ಎನ್ನುವವಳಿಗೆ ಅಡುಗೆ ಮಾಡುವ ಆಸೆ ಇದೆ, ಅಂದರೆ ಬದುಕುವ ಆಸೆ ಇದೆ, ಡಾಕ್ಟರ ಮಾತು ಸುಳ್ಳೂ ಆಗಬಹುದು... ಹೀಗೆಲ್ಲ ಲೆಕ್ಕ ಹಾಕಿದೆಯಲ್ಲವೇ? ನಿನ್ನ ಕಾನೂನು ನೀನೇ ಮುರಿದು, ಮುಂದಿನ ವಾರ ಒಬ್ಬನೇ ಹೋಗಿ ಅದನ್ನು ತಂದೆ. ಆಕೆಗೆ ಏನಾದರೂ ಬೇಕೆನ್ನಿಸತೊಡಗಿದೆ, ಇನ್ನು ಚಿಂತೆಯಿಲ್ಲ ಎಂದು ಓಣಿಯವರಿಗೆಲ್ಲ ಹೇಳಿಕೊಂಡು ತಿರುಗಿದೆ.

ಕುಕ್ಕರ್ ಮನೆಗೆ ಬಂದ ದಿನ ಅವ್ವ ಗೋಡೆಗೆ ಒರಗಿ ಕೂತು ನನ್ನ ಕೈಯಿಂದಲೇ ಅನ್ನ ಮಾಡಿಸಿದಳು. ಸಿಳ್ಳೆಗೆ ಬಸು ಹೆದರಿ ಹೊರಗೆ ಓಡಿದ. ನೀನು ಎರಡು ಸಲ ಬಡಿಸಿಕೊಂಡು ಉಂಡೆ. ಬೇಸಿಗೆ ಮುಗಿಯುವುದರೊಳಗೆ ಅವ್ವ ಹೋದಳು. ಆ ಮನೆ, ಆ ಒಲೆ, ಆ ಓಣಿ ಎಲ್ಲ ಈಗ ಅಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿವೆ.

ಹೋದ ತಿಂಗಳು ನಿನಗೆ ಗಂಜಿ ಕುಡಿಸುತ್ತಿದ್ದೆ. ನೀನು ಚಮಚೆ ದೂಡಿ, "ಆಕಿಗೆ ಮೋಸ ಮಾಡಿದೆ ನಾ, ಯವ್ವಾ. ಖರೆ ಹೇಳಿದ್ರ ಮಕ್ಕಳಿಗೆ ಏನರೆ ಹೇಳಿ ಹೋಗ್ತಿದ್ಲು," ಎಂದೆ. ಇಷ್ಟು ವರ್ಷ ನಿನ್ನನ್ನು ತಿಂದದ್ದು ಇದೇ ಎಂದು ನನಗೆ ಗೊತ್ತಿತ್ತು. ಆದರೂ ಬಾಯಿ ಕಟ್ಟಿತ್ತು. ನೀನು ಇರುವ ತನಕ ಹೇಳುವುದಿಲ್ಲ ಎಂದು ಅವ್ವ ತನ್ನ ಕೊರಳ ಲಿಂಗ ಮುಟ್ಟಿಸಿ ಆಣೆ ಹಾಕಿಸಿಕೊಂಡಿದ್ದಳು. ಅದನ್ನು ಮುರಿಯುವುದು ಹೇಗೆ, ನೀನೇ ಹೇಳು.

ಕುಕ್ಕರ್ ಆರಿಸಿದ ಆ ಸಂಜೆ ರೈಲು ಬಾದಾಮಿಯಲ್ಲಿ ನಿಂತಾಗ ನೀನು ಬಸುವನ್ನು ಕರೆದುಕೊಂಡು ನೀರು ತುಂಬಿಸಲು ಇಳಿದೆ. ಅವ್ವ ನನ್ನನ್ನು ಹತ್ತಿರಕ್ಕೆ ಎಳೆದುಕೊಂಡಳು. "ಕುಕ್ಕರ್ ನನಗಲ್ಲ ಯವ್ವಾ, ನಿನಗ. ಅನ್ನ ಆತಂದ್ರ ಅದ ಕೂಗಿ ಹೇಳತೈತಿ, ಬಾಜೂಕ ಯಾರೂ ನಿಂದ್ರೂದು ಬೇಕಾಗಿಲ್ಲ." ಡಾಕ್ಟರು ನಿನ್ನನ್ನು ಒಳಗೆ ಕರೆದ ಮೊದಲ ದಿನವೇ ಬಾಗಿಲ ಹೊರಗಿನ ಬಾಕಿನ ಮೇಲೆ ಕೂತಿದ್ದ ಹೆಂಗಸರು ಆಕೆಗೆ ಎಲ್ಲ ಹೇಳಿಬಿಟ್ಟಿದ್ದರಂತೆ. ಅವರಿಗೂ ಅದೇ ರೋಗ; ಗಂಡನೊಬ್ಬನನ್ನೇ ಒಳಗೆ ಕರೆದರೆ ಏನರ್ಥ ಎಂದು ಗೊತ್ತಿದ್ದವರು. ನಾನು ಅಳತೊಡಗಿದೆ. ಆಕೆ ನನ್ನ ಕಣ್ಣು ಒರೆಸಿ, ಕಿಟಕಿಯಾಚೆ ನಳದ ಹತ್ತಿರ ನಿಂತ ನಿನ್ನನ್ನು ನೋಡುತ್ತಾ ಹೇಳಿದಳು:

"ನಿಮ್ಮಪ್ಪಗ ಹೇಳಬ್ಯಾಡ. ನಾ ಹೋದ್ರ ಹ್ಯಾಂಗರೆ ತಡಕೋತಾರ. ನನಗ ಗೊತ್ತಿತ್ತಂತ ತಿಳದ್ರ, ಹುಬ್ಬಳ್ಳಿ ತಿರುಗಿದ್ದೆಲ್ಲಾ ಅವರಿಗೆ ಸುಳ್ಳ ಆಕ್ಕೈತಿ."

ಅದೊಂದು ಮಾತಿನಲ್ಲಿ ಅವ್ವ ತಪ್ಪಿದಳು, ಅಪ್ಪಾ. ಹುಬ್ಬಳ್ಳಿ ಸುಳ್ಳಲ್ಲ. ನಿನ್ನ ರೇನ್‌ಕೋಟಿಗೆ ಆಕೆ ನಕ್ಕದ್ದು, ಎಲ್ಲ ಗೊತ್ತಿದ್ದೇ.

ನಿನ್ನ ಮಗಳು,
ಗಿರಿಜಾ