ಬೀಗಪ್ಪ ಇಷ್ಟು ಬೇಗ ಸಾಯೋದಿಲ್ಲ

ಮನೆಯಿಂದ, ಹನ್ನೆರಡನೇ ತಾರೀಖು, ಶನಿವಾರ

ಪ್ರೀತಿಯ ಮಗನೇ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ? ಕೂತಲ್ಲೇ ಕೂತು ಬರೀಬೇಡ, ಆಗಾಗ ಎದ್ದು ಓಡಾಡು. ನಾನು ಗಟ್ಟಿಯಾಗಿದ್ದೇನೆ. ಮೊದಲು ಖರ್ಚಿನ ಬಾಬ್ತು ಹೇಳಿಬಿಡುತ್ತೇನೆ. ಮನೆ ಮನೆ ಅಲೆದು ಪಾತ್ರೆ ಮಾರಿದವಳ ಚಾಳಿ, ಹೋಗುವುದಿಲ್ಲ. ನಿನ್ನ ಕತ್ತಲೂರಿನ ಕಥೆಯಿಂದ ಈ ಮನೆಗೆ ಬಿದ್ದ ಖರ್ಚು: ಒಂದು ಮುಂಬಾಗಿಲು, ಅಂಗಡಿಯ ಗಾಜು, ಅಂಗಳದ ಅಷ್ಟೂ ಹೂಕುಂಡ, ಒಬ್ಬ ಗಂಡ.

ಚಿತ್ರಕಥೆ ಪುಸ್ತಕವಾಗಿದ್ದಾಗ ಚೆನ್ನಾಗಿಯೇ ಇತ್ತು ಕಣೋ. ಸೂರ್ಯನನ್ನು ಪೆಟ್ಟಿಗೆಯಲ್ಲಿಟ್ಟು ಬೀಗ ಹಾಕಿದ ದುಷ್ಟ ಬೀಗಪ್ಪ, ಕೀಲಿ ಹುಡುಕುವ ಹುಡುಗ. ಬೀಗ ರಿಪೇರಿ ಮಾಡುವ ನಿಮ್ಮಪ್ಪನ ಮೂಗು, ಕನ್ನಡಕ, ಗೂನುಬೆನ್ನು ಎಲ್ಲ ಬೀಗಪ್ಪನಿಗೆ ಅಂಟಿಸಿದ್ದೆ. ಹುಡುಗನಿಗೆ ಮಾತ್ರ ನಿನ್ನ ಮುಖ. ಜಾಣ! ಆಮೇಲೆ ಅದು ರೇಡಿಯೋಕ್ಕೆ ಹೋಯಿತು, ಫೋನಿನ ಆಟವಾಯಿತು, ನಾಟಕವಾಗಿ ರಂಗವನ್ನೂ ಹತ್ತಿತು. ಒಂದು ಕಡೆ ನಡೆದದ್ದು ನಾಲ್ಕೂ ಕಡೆ ನಡೆದಂತೆ ಎಂಬ ನಿಯಮ ಮಾಡಿದವನೂ ನೀನೇ. ಅಷ್ಟಕ್ಕೇ ನಿಲ್ಲಿಸಿದ್ದರೆ ಆಗುತ್ತಿತ್ತು. ಕಥೆ ನಿಜ ಅನ್ನಿಸಲಿ ಎಂದು ಪುಸ್ತಕದ ಕೊನೆಯ ಪುಟದಲ್ಲಿ ನಮ್ಮ ಅಂಗಡಿಯ ಫೋನ್ ನಂಬರನ್ನೇ ಬೀಗಪ್ಪನದೆಂದು ಹಾಕಿಬಿಟ್ಟೆ.

ಮೊದಮೊದಲು ನಿಮ್ಮಪ್ಪ ರಾಂಗ್ ನಂಬರ್ ಅನ್ನುತ್ತಿದ್ದರು. ಆಮೇಲೆ ಗಂಟಲು ಗೊಗ್ಗರು ಮಾಡಿಕೊಂಡು, "ಸೂರ್ಯ ನನ್ನ ಹತ್ತಿರಾನೇ ಇದ್ದಾನೆ, ಏನೀಗ?" ಎಂದು ಗದರಿಸಲು ಕಲಿತರು. "ಹುಡುಗನ ಹೊಟ್ಟೆಪಾಡು ಕಣೇ, ಕೆಡಿಸಬಾರದು" ಅನ್ನುತ್ತಿದ್ದರು. ನಿಜವಾದ ಗಿರಾಕಿಗೆ ಲೈನೇ ಸಿಗುತ್ತಿರಲಿಲ್ಲ. ಬಳಿಕ ಆ ಫೋನಿನ ಆಟ ಆಡುವವರು ಮನೆಗೇ ಬಂದರು. ಕೀಲಿ ಹುಡುಕುತ್ತೇವೆಂದು ಬಾಗಿಲು ಮೀಟಿದರು, ಅಂಗಡಿಯ ಗಾಜು ಒಡೆದರು, ಕುಂಡಗಳನ್ನು ಬುಡಮೇಲು ಮಾಡಿದರು.

ಮಂಗಳವಾರ ಅಂಗಡಿಯಲ್ಲಿ ನಿಮ್ಮಪ್ಪ ಎದೆ ಹಿಡಿದುಕೊಂಡು ಕುಸಿದರು. ಸುತ್ತ ಇಪ್ಪತ್ತು ಜನ, ಇಪ್ಪತ್ತು ಫೋನು. "ಡಾಕ್ಟರನ್ನ ಕರೀರಪ್ಪಾ" ಎಂದರಂತೆ. "ಇದು ಸುಳಿವಾ ಬೀಗಪ್ಪಾ?" ಎಂದು ಒಬ್ಬಳು ಕೇಳಿದಳಂತೆ. ನಾನು ಓಡಿ ಬರುವ ಹೊತ್ತಿಗೆ ಅವರ ಪ್ರಾಣ ಹೋಗಿಯಾಗಿತ್ತು. ಜನ ಚಪ್ಪಾಳೆ ತಟ್ಟುತ್ತಿದ್ದರು.

ಪಕ್ಕದ ಮನೆಯವರ ಮೊಬೈಲಿನಿಂದ ನಿನಗೆ ಫೋನ್ ಮಾಡಿದೆ. ನಿನ್ನ ಸಹಾಯಕಿ, "ಅಭಿಮಾನಿಗಳಿಗೆ ಬೇರೆ ನಂಬರ್ ಇದೆ ಅಜ್ಜೀ" ಎಂದು ಫೋನ್ ಇಟ್ಟಳು. ಅದರಿಂದಲೇ ಮೆಸೇಜು ಕಳಿಸಿದೆ: ಅಪ್ಪ ಹೋದರು, ತಕ್ಷಣ ಬಾ. ಬೀಗಪ್ಪನ ಹೆಂಡತಿಯ ಹೆಸರಲ್ಲಿ ದಿನವೂ ನೂರು ಜನ ನಿನಗೆ ಬರೆಯುತ್ತಾರಂತೆ, ನಾನು ನೂರಾ ಒಂದನೆಯವಳಾದೆ. ನಿನ್ನ ಉತ್ತರ ಬಂತು: "ಚೆನ್ನಾಗಿ ಬರೆದಿದ್ದೀರಿ. ಆದರೆ ಬೀಗಪ್ಪ ಇಷ್ಟು ಬೇಗ ಸಾಯೋದಿಲ್ಲ." ಪಕ್ಕದಲ್ಲಿ ನಗುವ ಮುಖ. ಒಂದು ದಿನ ಹೆಣ ಇಟ್ಟುಕೊಂಡು ಕಾದೆ. ಕೊನೆಗೆ ಬೆಂಕಿ ಕೊಟ್ಟವಳು ನಾನೇ. ಆಗಲೂ ಆ ಆಟದವರು ಬಂದಿದ್ದರು, ಮುಖಕ್ಕೆ ಬೀಗಪ್ಪನ ಮುಖವಾಡ ಕಟ್ಟಿಕೊಂಡು. ನಿಮ್ಮಪ್ಪನ ಮೂಗು ಎಷ್ಟೊಂದು ಜನಕ್ಕೆ!

ಅದಕ್ಕೇ ಈ ಕಾಗದ. ನನ್ನ ಕೈಬರಹ ಯಾರಿಗೂ ಬರುವುದಿಲ್ಲ, ಈಗಲಾದರೂ ನಂಬುತ್ತೀಯ. ಆರೋಗ್ಯ ನೋಡಿಕೋ. ನೂರು ಕಾಲ ಬಾಳು, ಪ್ರತಿ ದಿನವೂ ಇದು ನೆನಪಿರಲಿ.

ನಿನ್ನ
ಅಮ್ಮ

ತಾ.ಕ.: ಅಂಚೆ ಹೊರಡುವ ಹೊತ್ತಾಯಿತು. ತೆರಿಗೆ ಉಳಿಸಲು ಕತ್ತಲೂರಿನ ಕಥೆಯ ಹಕ್ಕನ್ನು ಅಪ್ಪನ ಹೆಸರಿಗೆ ಬರೆಸಿದ್ದೆಯಲ್ಲ, ಅವರ ಉಯಿಲಿನಂತೆ ಈಗ ಅದು ನನ್ನದು. ನಿನ್ನ ಕಥೆ ಹೊರತರುವ ಕಂಪನಿಯ ಮ್ಯಾನೇಜರು ನಿನ್ನೆ ಬಂದಿದ್ದ, ಮಾರಿಬಿಟ್ಟೆ. ಒಂದೇ ಷರತ್ತು: ಬರುವ ಶುಕ್ರವಾರ ನಿನ್ನ ಮುಖದ ಹುಡುಗ ಸಾಯಬೇಕು, ನಿನ್ನ ನಿಯಮದ ಪ್ರಕಾರ ನಾಲ್ಕೂ ಕಡೆ. ಮುಂದಿನ ಕಥೆ ಬೇರೆಯವರು ಬರೆಯುತ್ತಾರೆ. ಕಂಪನಿಗೆ ಊರು ಸಿಕ್ಕಿತು. ಮ್ಯಾನೇಜರಿಗೆ ಬಡ್ತಿ. ನನಗೆ ಸಾಯುವ ತನಕ ತಿಂಗಳ ಖರ್ಚು. ನಿನಗೆ ಏನೂ ಇಲ್ಲ.