ಬಸ್ಸಿನ ಬೆನ್ನು ಬೇಡ

ರೀ,

ಅಂಗಡಿ ಬಾಗಿಲು ತೆಗೆಯೋಕೆ ಹೊರಟೆ. ಬಸ್ಸಿನ ಹಿಂದೆ ಜಾಹೀರಾತು ಅಂಟಿಸೋನು ಮನೆಗೇ ಬರ್ತಾನೆ. ಬೇಡ ಅಂದ್ಬಿಡಿ. ಬಸ್ಸಿನ ಬೆನ್ನು ನೋಡೋದು ಬಸ್ಸು ತಪ್ಪಿದವರು, ಅವರಿಗೆ ಆಗ ನಮ್ಮ ಹೊಲಿಗೆ ಬೇಕಾ? ಹೋದ ಸಲ ಸಿನಿಮಾ ಮಂದಿರದಲ್ಲಿ ಹಾಕಿಸಿ, ಕತ್ತಲಲ್ಲಿ ನಾವಿಬ್ಬರೇ ಚಪ್ಪಾಳೆ ತಟ್ಟಿದ್ದು ಸಾಕು.

ಬಿಗಿಯಾದ ಬಟ್ಟೆ ಸಡಿಲ ಮಾಡಿಕೊಡೋರು ನಾವು. ನಮ್ಮ ಜಾಹೀರಾತು ಬರೆಸೋಕೆ ಬೇಕರಿಯವರ ಹತ್ತಿರ ಗೋಡೆ ಕೇಳಿ. ಊರವರ ಸೊಂಟ ಬಿಗಿಯಾಗೋದು ಅಲ್ಲೇ.

ಊಟ ಮುಚ್ಚಿಟ್ಟಿದ್ದೀನಿ, ಬಿಸಿ ಮಾಡ್ಕೊಳ್ಳಿ.

ಹೇಳಿ ಹೇಳಿ ಬಾಯಿ ನೋವು ಬಂತು, ಆದರೂ ಹೇಳ್ತೀನಿ. ನಿಮ್ಮ ನೀಲಿ ಶರ್ಟಿನ ಕಾಲರ್ ತಿರುಗಿಸಿ ಹೊಲಿದು ಕುರ್ಚಿ ಮೇಲಿಟ್ಟಿದ್ದೀನಿ. ಬೇಕರಿಗೆ ಅದನ್ನೇ ಹಾಕ್ಕೊಂಡು ಹೋಗಿ. ಕಾಲರ್ ಹರಿದ ಆ ಬಿಳಿ ಶರ್ಟ್ ಬೇಡ. ನಮ್ಮ ಅಂಗಡಿ ಬಗ್ಗೆ ಊರೆಲ್ಲ ಇಷ್ಟು ದಿನ ಓದ್ತಿರೋದು ಅದನ್ನೇ.