ಕಾಲರ್ ಇತ್ತು, ಧೋತರವೂ ಇತ್ತು

ಮಾನ್ಯ ಗಾಲ್ಫ್ ಕ್ಲಬ್ ಕಾರ್ಯದರ್ಶಿಗಳೇ,

ಕಳೆದ ಭಾನುವಾರ ಕೆಂಗೇರಿ ಆಚೆಯ ನಿಮ್ಮ ಕ್ಲಬ್ಬಿನ ಗೇಟಿನಲ್ಲಿ ನನ್ನ ಧೋತರವನ್ನು ತಡೆದಿರಿ. ಅದರೊಳಗೆ ನಾನೂ ಇದ್ದೆ ಎಂಬುದು ತಮ್ಮ ಗಮನಕ್ಕೆ ಬಂದಂತಿಲ್ಲ. ಅದನ್ನು ತಿಳಿಸಲೆಂದೇ ಈ ಪತ್ರ.

ನನ್ನ ಮೊಮ್ಮಗಳು ನಿಖಿತಾ ನಿಮ್ಮಲ್ಲಿ ಕಿರಿಯರ ಪಂದ್ಯ ಗೆದ್ದಿದ್ದಳು. ಕಪ್ ಕೊಡುವಾಗ ಮನೆಯ ಹಿರಿಯರೊಬ್ಬರು ಪಕ್ಕದಲ್ಲಿ ನಿಲ್ಲುವುದು ನಿಮ್ಮ ಪದ್ಧತಿಯಂತೆ. ಅವಳು ನನ್ನನ್ನು ಆರಿಸಿದಳು. ಆಮಂತ್ರಣದಲ್ಲಿ ‘ಕಾಲರ್ ಇರುವ ಅಂಗಿ ಮತ್ತು ಬೂಟು ಕಡ್ಡಾಯ’ ಎಂದಿತ್ತು. ನಾನು ವಿಜಯನಗರದಲ್ಲಿ ಬಟ್ಟೆ ಅಂಗಡಿ ನಡೆಸಿದವನು. ಅರ್ಧ ಬಡಾವಣೆಗೆ ಪ್ಯಾಂಟ್ ಪೀಸ್ ಮಾರಿದ್ದೇನೆ. ನಾನು ಮಾತ್ರ ಬಾಗಲಕೋಟೆಯಿಂದ ಬಂದಾಗಿನ ಕಚ್ಚೆ ಧೋತರ, ಕಾಲರಿಲ್ಲದ ನೆಹರೂ ಅಂಗಿ ಬಿಟ್ಟಿಲ್ಲ. ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಎನ್ನುತ್ತಾರಲ್ಲ, ಹಾಗೆಂದು ಹೊಸಹಳ್ಳಿಯ ದರ್ಜಿ ಹನುಮೇಶನ ಬಳಿ ಹೋಗಿ ಆ ಅಂಗಿಗೇ ಕಾಲರ್ ಹಚ್ಚಿಸಿದೆ.

“ಯಜಮಾನ್ರೇ, ಈ ವಯಸ್ಸಲ್ಲಿ ಕಾಲರ್ ಯಾಕೆ? ಹೆಣ್ಣು ನೋಡೋಕೆ ಹೋಗ್ತಾ ಇದೀರಾ?” ಎಂದ. ಮಗನ ಬೂಟನ್ನೂ ಮೆಟ್ಟಿಕೊಂಡು ಹೊರಟೆ.

ಗೇಟಿನಲ್ಲಿ ನಿಮ್ಮ ಕಾವಲುಗಾರ ಬಾಳೇಶ ತಲೆಯಿಂದ ಕಾಲಿನವರೆಗೆ ನೋಡಿದ. ನಮ್ಮ ಕಡೆಯ ಹುಡುಗ, ಪಾಪ. “ಅಜ್ಜಾರ, ಕಾಲರ್ ಐತಿ, ಬೂಟ್ ಐತಿ, ಎಲ್ಲಾ ಛಲೋ ಐತ್ರಿ. ಆದ್ರ ಧೋತರ ಉಟ್ಟವ್ರನ್ನ ಬಿಡಬ್ಯಾಡ ಅಂತಾರ್ರಿ ಒಳಗಿನವ್ರು. ನಾ ಏನ್ ಮಾಡ್ಲಿರಿ?”

ಇಂಥ ಆಪತ್ತಿಗೆಂದೇ ನೀವು ಇಟ್ಟಿರುವ ಪ್ಯಾಂಟೊಂದನ್ನು ಒಳಗಿನಿಂದ ಕಳಿಸಿದರು. ಯಾವ ಬಡಕಲು ಅತಿಥಿಯನ್ನು ಅಳೆದು ಹೊಲಿಸಿದ್ದೋ, ನನ್ನ ಮೊಣಕಾಲು ದಾಟಲಿಲ್ಲ. ಅಷ್ಟರಲ್ಲಿ ತೊಡೆ ಕಾಣುವ ಚಡ್ಡಿ ತೊಟ್ಟ ಮಹನೀಯರೊಬ್ಬರು ನನ್ನ ಪಕ್ಕದಲ್ಲೇ ಒಳಗೆ ನಡೆದರು. ಬಾಳೇಶ ಸಲಾಂ ಹೊಡೆದ. ಮಾನ್ಯರೇ, ತೊಡೆ ತೋರಿಸಿದರೆ ಸಭ್ಯತೆ, ಹಿಮ್ಮಡಿಯವರೆಗೆ ಮುಚ್ಚಿದರೆ ಅಸಭ್ಯತೆ, ಇದು ಯಾವ ಲೆಕ್ಕ? ನಮ್ಮ ಕಡೆ ಧೋತರ ಮೇಲೆ ಕಟ್ಟಿ ಎರೆ ಹೊಲವನ್ನೇ ಉಳುತ್ತಾರೆ. ಕತ್ತರಿಸಿದ ಹುಲ್ಲಿನ ಮೇಲೆ ಕುರ್ಚಿ ಹಾಕಿ ಕೂರಲು ಪ್ಯಾಂಟು ಬೇಕೇ? ಚೆಂಡು ಕುಳಿಗೆ ಬೀಳುವ ಮೊದಲು ಹೊಡೆದವರ ಮನೆಯವರು ಏನು ಉಟ್ಟಿದ್ದಾರೆಂದು ನೋಡುತ್ತದೆಯೇ? ಕ್ಲಬ್ಬಿಗೆ ಶಿಸ್ತು ಬೇಡವೆನ್ನುವವನು ನಾನಲ್ಲ. ಒಗೆದು, ಇಸ್ತ್ರಿ ಮಾಡಿ, ನಿರಿಗೆ ಹಿಡಿದು ಉಟ್ಟ ಧೋತರದಲ್ಲಿ ಶಿಸ್ತಿಗೆ ಏನು ಕೊರತೆ ಕಂಡಿತು ಎಂದಷ್ಟೇ ಕೇಳುತ್ತಿದ್ದೇನೆ.

ಬೇಲಿಯ ಈಚೆ ನಿಂತು ಮೈಕಿನಲ್ಲಿ ನನ್ನ ಮೊಮ್ಮಗಳ ಹೆಸರು ಕೇಳಿದೆ. ಚಪ್ಪಾಳೆಯೂ ಕೇಳಿತು. ಸ್ವಲ್ಪ ಹೊತ್ತಿಗೆ ಅವಳೇ ಬರಿಗೈಯಲ್ಲಿ ಗೇಟಿಗೆ ಬಂದಳು.

“ಕಪ್ ಎಲ್ಲೇ?”

“ನೀವು ಪಕ್ಕದಲ್ಲಿ ಇಲ್ದೆ ನಾನು ತಗೊಳ್ಳಲ್ಲ ಅಜ್ಜಾ. ಅಲ್ಲೇ ಬಿಟ್ಟು ಬಂದೆ. ಬನ್ನಿ, ಮನೆಗೆ ಹೋಗೋಣ.”

ಅಲ್ಲಿಯವರೆಗೆ ನನಗೆ ನಗುವೇ ಬರುತ್ತಿತ್ತು. ಅವಳ ಕಣ್ಣು ನೋಡಿದ ಮೇಲೆ ಈ ಪತ್ರ ಬರೆಯಲೇಬೇಕೆಂದುಕೊಂಡೆ.

ಆ ಕಪ್ ಈಗಲೂ ನಿಮ್ಮ ಕಚೇರಿಯಲ್ಲಿದೆ. ಅದಕ್ಕೆ ಕಾಲರೂ ಇಲ್ಲ, ಆದರೂ ಒಳಗಿದೆ. ಒಂದೋ ನನ್ನನ್ನು ಧೋತರದಲ್ಲೇ ಕರೆದು, ಅವಳ ಪಕ್ಕ ನಿಲ್ಲಿಸಿ ಅದನ್ನು ಕೊಡಿ. ಇಲ್ಲವೇ ತಾವೇ ಬಸವೇಶ್ವರನಗರದ ನಮ್ಮ ಮನೆಗೆ ತನ್ನಿ. ನಮ್ಮಲ್ಲೂ ಒಂದು ನಿಯಮವಿದೆ: ಬೂಟು ಹೊರಗೆ ಬಿಡಬೇಕು. ಪ್ಯಾಂಟು ತೊಟ್ಟವರನ್ನೂ ಒಳಗೆ ಕರೆದು ಚಹಾ ಕೊಡುತ್ತೇವೆ.

ಇಂತಿ,
ಕಾಲರ್ ಸಮೇತ ಹೊರಗುಳಿದ
ಗುರುಬಸಪ್ಪ
(ನಿಖಿತಾಳ ಅಜ್ಜ)